ಬಾಯಿಬಡುಕ ಬ್ಯಾಡ್ಜ್

ಮಾರ್ಚ್ 3
ಇವತ್ತೂ ಹನ್ನೆರಡು ಬ್ಯಾಡ್ಜ್ ಮಾಡಿಕೊಟ್ಟೆ. ಆಸ್ಪತ್ರೆಯ ಒಂದೊಂದು ಬಾಗಿಲೂ ನಾನು ಹೇಳಿದಂತೆ ಕೇಳುತ್ತದೆ. ಕೊರಳಲ್ಲಿ ಬ್ಯಾಡ್ಜ್ ಇದ್ದರೆ ಸಾಕು, ತಾನೇ ತೆರೆದುಕೊಳ್ಳುತ್ತದೆ. ಜಂಬ ಬರದೆ ಇರುತ್ತದೆಯೇ?
ತಂಗಿಗೆ ಮಾತ್ರ ಊಟ ಸೇರುತ್ತಿಲ್ಲ. ಇಲ್ಲೇ ನರ್ಸ್ ಅವಳು. ಬಿಟ್ಟು ಬಂದ ಗಂಡ ಮತ್ತೆ ಹಿಂದೆ ಬಿದ್ದಿದ್ದಾನೆ. ನಾಲ್ಕು ಗೇಟು, ದಿನಕ್ಕೊಂದರಿಂದ ಹೊರಡುತ್ತಾಳೆ. ಯಾವುದರಿಂದ ಹೊರಟರೂ ಐದು ನಿಮಿಷದಲ್ಲಿ ಅವನು ಅಲ್ಲಿ ಹಾಜರು. ನಮ್ಮ ಹೊಸ ಮನೆ ಗೊತ್ತಾದರೆ ಗತಿಯೇನು...

ಮಾರ್ಚ್ 5
ಹಿಂದಿನ ಗೇಟಿನ ಹೂಕುಂಡದ ಹಿಂದೆ ಸೋಪಿನ ಡಬ್ಬಿಯಷ್ಟು ಪೆಟ್ಟಿಗೆ. ಹುಡುಕಿದರೆ ಉಳಿದ ಮೂರು ಗೇಟಿನಲ್ಲೂ ಒಂದೊಂದು. ಬ್ಯಾಡ್ಜ್ ಓದುವ ಯಂತ್ರ. ತಂಗಿ ಹಾದರೆ ಅವನ ಫೋನಿಗೆ ಸುದ್ದಿ. ಯಾವ ಯಂತ್ರ ಕೇಳಿದರೂ ಅದೇ ನಂಬರು ಒಪ್ಪಿಸುತ್ತದೆ, ಬಾಯಿಬಡುಕ ಬ್ಯಾಡ್ಜ್. ಮಾಡಿದವಳು ನಾನೇ. ನಾಚಿಕೆಯಾಯಿತು.
ಎಲ್ಲವನ್ನೂ ಪೊಲೀಸರಿಗೆ ಕೊಟ್ಟೆವು. ಇನ್ನೊಂದು ತಂದಿಡಲು ಅವನಿಗೆಷ್ಟು ಹೊತ್ತು?

ಮಾರ್ಚ್ 19
ಹೊಸ ಬ್ಯಾಡ್ಜ್ ಆಯಿತು. ಕೇಳಿದಾಗಲೆಲ್ಲ ಬೇರೆ ನಂಬರು. ಮುಂದಿನದು ಯಾವುದೆಂದು ನಮ್ಮ ಬಾಗಿಲಿಗೆ ಮಾತ್ರ ಗೊತ್ತು. ಮೊದಲನೆಯದು ತಂಗಿಗೆ. ನನ್ನಂಥವಳು ಇನ್ನೊಬ್ಬಳಿದ್ದರೆ ತೋರಿಸು ಎಂದೆ. ನಕ್ಕಳು.

ಮಾರ್ಚ್ 20, ಮಧ್ಯಾಹ್ನ 2
ಜಂಬವೆಲ್ಲ ಇಳಿಯಿತು. ಕೆಲಸಕ್ಕೆ ಬಂದ ತಂಗಿಗೆ ಹಿಂದಿನ ಗೇಟಿನ ಬಾಗಿಲು ತೆರೆಯಲಿಲ್ಲ. ಅವನು ಅಲ್ಲಿ ಇನ್ನೊಂದು ಪೆಟ್ಟಿಗೆ ಇಟ್ಟಿದ್ದಾನೆ. ಅದು ಕೇಳಿದಾಗಲೆಲ್ಲ ಬ್ಯಾಡ್ಜ್ ಮುಂದಿನ ನಂಬರಿಗೆ ಹೋಗಿದೆ, ಬಾಗಿಲು ಹಳೆಯದರಲ್ಲೇ ನಿಂತಿದೆ. ಇದನ್ನು ಯೋಚಿಸಿರಲೇ ಇಲ್ಲ. ಅವನು ರಸ್ತೆ ದಾಟುವಷ್ಟರಲ್ಲಿ ಕಾವಲಿನವರು ಅವಳನ್ನು ಒಳಗೆ ಎಳೆದುಕೊಂಡರು.
ಹಳೆಯ ಬ್ಯಾಡ್ಜನ್ನೇ ಕೊಡಿ ಎಂದರು ನಮ್ಮ ವಿಭಾಗದ ಮುಖ್ಯಸ್ಥರು.
"ಎರಡು ದಿನ ಕೊಡಿ ಸಾರ್. ಆಗದಿದ್ರೆ ನಾನೇ ಕೆಲಸ ಬಿಡ್ತೀನಿ" ಎಂದುಬಿಟ್ಟೆ.

ಮಾರ್ಚ್ 22
ಆಯಿತು. ಈಗ ಬಾಗಿಲೇ ಮೊದಲು ತನ್ನ ಗುರುತು ಹೇಳಬೇಕು, ಅದೂ ಪ್ರತಿ ಸಲ ಬೇರೆ. ಹೇಳದವರ ಮುಂದೆ ಬ್ಯಾಡ್ಜ್ ತುಟಿ ಬಿಚ್ಚುವುದಿಲ್ಲ, ನಂಬರೂ ಕದಲುವುದಿಲ್ಲ. ಮುಖ್ಯಸ್ಥರು ನಲವತ್ತು ಸಲ ಪರೀಕ್ಷಿಸಿ ಒಪ್ಪಿಕೊಂಡರು.
ಅವನ ಪೆಟ್ಟಿಗೆ ಅಲ್ಲೇ ಇದೆ. ಎತ್ತಿಕೊಳ್ಳಲು ಬಂದಾಗ ಹಿಡಿಯುತ್ತೇವೆ ಎಂದಿದ್ದಾರೆ ಪೊಲೀಸರು. ಇರಲಿ, ಕೇಳಿ ಕೇಳಿ ಸುಸ್ತಾಗಲಿ.

ಮಾರ್ಚ್ 27, ಸಂಜೆ 6
ಅವನು ಹಿಂದಿನ ಗೇಟಿನ ಎದುರು ಎರಡು ಗಂಟೆ ಫೋನು ನೋಡುತ್ತ ಕೂತಿದ್ದನಂತೆ. ಅಷ್ಟರಲ್ಲಿ ತಂಗಿ ಆ ಗೇಟಿಗೆ ಬೆನ್ನು ಹಾಕಿ, ಮುಂದಿನ ಗೇಟಿನಿಂದ ಹೊರಟಾಗಿತ್ತು.
ಈಗ ಅವಳ ಫೋನು. ದಾರಿಯಲ್ಲಿ ಚಪ್ಪಲಿ ಅಂಗಡಿಗೆ ಹೋಗುತ್ತಾಳಂತೆ.
"ಲೇಟಾಗುತ್ತೆ ಅಕ್ಕ, ನೀನು ಊಟ ಮಾಡ್ಬಿಡು."
ಲೇಟಾಗುತ್ತೆ ಅಂದಳು. ಒಂದು ವರ್ಷವಾಗಿತ್ತು, ಅವಳ ಬಾಯಲ್ಲಿ ಈ ಮಾತು ಕೇಳಿ. ನೋಡಿದೆಯಾ ಅಕ್ಕನ ಕೈಚಳಕ ಎಂದು ಹೇಳಿಕೊಳ್ಳೋಣವೆಂದರೆ, ಫೋನು ಇಟ್ಟೇಬಿಟ್ಟಳು. ಎರಡು ತಟ್ಟೆ ಹಾಕಿ ಕೂತಿದ್ದೇನೆ.