ಪುಷ್ಪಕ್ಕನ ಗಿಟಾರಿಗೆ ಯಾವ ನೆಕ್

ನಂದಿದುರ್ಗ ಲೈನ್, ಕೆ.ಜಿ.ಎಫ್.
ಭಾನುವಾರ, ೨೦ ಅಕ್ಟೋಬರ್ ೨೦೨೪

ಪುಷ್ಪಕ್ಕಾ,

ಹೇಗಿದೀಯ? ಜ್ವರ ಬಂದಿತ್ತಂತೆ, ರಜೆಗೆ ಊರಿಗೆ ಬಂದಿರೋ ನಿನ್ನ ರೂಮಿನ ನವ್ಯ ಹೇಳಿದಳು. ಈಗ ವಾಸಿಯಾಯ್ತಾ? ಹೊಸೂರಲ್ಲಿ ಫ್ಯಾಕ್ಟರಿ ಕೆಲಸ ಪರವಾಗಿಲ್ಲ, ಹಾಸ್ಟೆಲ್ ಸಾಂಬಾರಲ್ಲಿ ಮಾತ್ರ ಬೇಳೆ ಹುಡುಕಬೇಕು ಅಂತಾಳೆ ಅವಳು. ಹೊಟ್ಟೆ ತುಂಬ ತಿನ್ನು. ಅಮ್ಮನ ಮಂಡಿ ನೋವು ಹಾಗೇ ಇದೆ. ನಾನು ಚೆನ್ನಾಗಿದೀನಿ, ರಾಬರ್ಟ್‌ಸನ್‌ಪೇಟೆಯ ಅದೇ ಗ್ಯಾರೇಜಲ್ಲಿ ಅದೇ ಬೈಕುಗಳ ಹೊಟ್ಟೆ ಬಿಚ್ಚುತ್ತಾ ಇದೀನಿ. ಅಪ್ಪನೂ ಚೆನ್ನಾಗಿದಾನೆ. ನೀನು ಕೇಳಲ್ಲ ಅಂತ ಗೊತ್ತು, ಆದರೂ ಬರೆದೆ. ಫೋನ್ ಮಾಡಿದರೆ ಎತ್ತಲ್ಲ, ವಾಟ್ಸಾಪಲ್ಲಿ ನನ್ನನ್ನೂ ಬ್ಲಾಕ್ ಮಾಡಿದೀಯ. ಜಗಳ ಆಡಿದ್ದು ಅಪ್ಪ, ಬ್ಲಾಕ್ ಆಗಿದ್ದು ನಾನು. ಇದು ಯಾವೂರ ನ್ಯಾಯ? ಒಂಬತ್ತನೇ ಕ್ಲಾಸಿಗೆ ಸ್ಕೂಲಿಗೆ ಕೈ ಮುಗಿದವನ ಹತ್ತಿರ ಕಾಗದ ಬರೆಸ್ತಾ ಇದೀಯ. ಒತ್ತು, ದೀರ್ಘ ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು. ಇವತ್ತು ಸಾಯಂಕಾಲ ನವ್ಯ ವಾಪಸ್ ಹೊರಡ್ತಾಳೆ, ಇದನ್ನ ನಿನ್ನ ಕೈಗೇ ಕೊಡ್ತೀನಿ ಅಂದಿದಾಳೆ. ಅರ್ಧಕ್ಕೆ ಹರಿದು ಹಾಕಬೇಡ.

ವಿಷಯ ನೇರ ಹೇಳ್ತೀನಿ. ನಿನ್ನ ಗಿಟಾರಿನ ನೆಕ್, ಅದೇ ಆ ಉದ್ದನೆ ಕತ್ತು, ಮುರೀತು. ನನ್ನ ಮೇಲೆ ಕೂಗಬೇಡ, ಮುರಿದಿದ್ದು ಅಪ್ಪ. ಸಿಟ್ಟಲ್ಲಿ ಮುರಿದಿದ್ದಲ್ಲ, ಅದೇ ತಲೆ ಕೆಡೋ ಸಂಗತಿ. ಸಿಟ್ಟಲ್ಲಿ ಮುರಿದಿದ್ದರೆ ನಾನೂ ಎಗರಾಡಿ ಮುಗಿಸ್ತಿದ್ದೆ. ಆಯುಧಪೂಜೆಗೆ ಅಪ್ಪ ಏನು ಮಾಡ್ತಾನೆ ಅಂತ ನಿನಗೆ ಗೊತ್ತಲ್ಲ. ಮೈನ್ಸ್ ಮುಚ್ಚಿ ಇಷ್ಟು ವರ್ಷ ಆದರೂ ಫಿಟ್ಟರ್ ಬುದ್ಧಿ ಹೋಗಿಲ್ಲ. ಅಮ್ಮನ ಹೊಲಿಗೆ ಮೆಷಿನ್, ನನ್ನ ಬೈಕು, ಮಿಕ್ಸಿ, ಬಾವಿ ರಾಟೆ, ಎಲ್ಲಾ ಒರೆಸಿ, ಎಣ್ಣೆ ಬಿಟ್ಟು, ಕಂಡ ಬೋಲ್ಟನ್ನೆಲ್ಲಾ ಬಿಗಿ ಮಾಡಿ ಆಮೇಲೆ ಕುಂಕುಮ ಇಡೋದು. ಬೋಲ್ಟು ಸಡಿಲ ಬಿಟ್ಟರೆ ಕೆಳಗೆ ಇರೋನ ತಲೆ ಹೋಗುತ್ತೆ ಅನ್ನೋದು ಅವನ ಲೆಕ್ಕ. ಈ ಸಲ ಯಾರನ್ನೂ ಕೇಳದೆ ಅಟ್ಟ ಹತ್ತಿ ನಿನ್ನ ಗಿಟಾರ್ ಇಳಿಸಿದ. ಒಂದು ಬೇಸಿಗೆ ಪೂರ್ತಿ ಶೀಟಿನ ಕೆಳಗೆ ಬೆಂದು ನೆಕ್ ಬಿಲ್ಲಿನ ಹಾಗೆ ಬಾಗಿತ್ತು, ತಂತಿಗಳು ಮೇಲಕ್ಕೆ ನಿಂತಿದ್ದವು. ನೆಕ್ಕಿನ ತಲೆ ಹತ್ತಿರ ತೂತಿನ ಒಳಗೆ, ಉದ್ದಕ್ಕೂ ಓಡೋ ಕಂಬಿಯ ಬೋಲ್ಟು ಕಂಡಿದೆ. ಸರಿ, ನನ್ನ ಡಬ್ಬಿಯಿಂದ ಅಲೆನ್ ಕೀ ತಗೊಂಡು ತಿರುಗಿಸಿದಾನೆ. ಚೂರು ತಿರುಗಿಸಿದ್ದರೆ ಸರಿಹೋಗ್ತಿತ್ತಂತೆ. ಇವನು ಪಂಪ್‌ಸೆಟ್ ಬೋಲ್ಟಿನ ಹಾಗೆ ಹಲ್ಲು ಕಚ್ಚಿ ತಿರುಗಿಸಿದ. ನಾನು ಹೊರಗೆ ಬೈಕ್ ತೊಳೀತಿದ್ದೆ, ಅಲ್ಲಿಗೇ ಟಕ್ ಅಂತ ಕೇಳಿಸ್ತು. ಒಳಗೆ ಓಡಿದರೆ ನೆಕ್ಕಿನ ಬೆನ್ನು ಉದ್ದಕ್ಕೂ ಸೀಳಿದೆ. ಅಪ್ಪ ಕೀ ಹಿಡಿದುಕೊಂಡು ಕೂತಿದಾನೆ. "ಲೂಸಾಗಿತ್ತು ಕಣ್ಲಾ. ಅಂಗೇ ಬಿಟ್ರೆ ಅವ್ಳು ಬಂದಾಗ ಏನಂತಾಳೆ" ಅಂದ.

ಅವ್ಳು ಬಂದಾಗ ಅಂದ, ಅಕ್ಕ. ನೀನು ಹೋದ ಮೇಲೆ ಈ ಮನೆಯಲ್ಲಿ ನಿನ್ನ ಸುದ್ದಿ ಅವನ ಬಾಯಿಂದ ಬಂದಿದ್ದು ಅದೇ ಮೊದಲು. ಅಮ್ಮ ದೇವರ ಮುಂದೆ ಹೂ ಇಡ್ತಿದ್ದವಳು ಹಾಗೇ ನಿಂತುಬಿಟ್ಟಳು. ಆಮೇಲೆ ಮುರಿದ ಗಿಟಾರನ್ನೇ ಸ್ಪ್ಯಾನರ್‌ಗಳ ಪಕ್ಕ ಒರಗಿಸಿ ಪೂಜೆ ಮಾಡಿದ್ದಾಯ್ತು.

ನನಗೆ ಅರ್ಥ ಆಗಲ್ಲ. ಇದೇ ಮನುಷ್ಯ ತಾನೇ ಬಂಗಾರಪೇಟೆ ಛತ್ರದಲ್ಲಿ ನೀನು ಆರ್ಕೆಸ್ಟ್ರಾದಲ್ಲಿ ಬಾರಿಸ್ತಿದ್ದಾಗ ಸ್ಟೇಜ್ ಹತ್ತಿ ನಿನ್ನ ಗಿಟಾರಿನ ವೈರ್ ಕಿತ್ತಿದ್ದು? ನಿನ್ನನ್ನ ನೋಡೋಕೆ ಬಂದ ಗಂಡಿನ ಕಡೆಯವರು ಮುಂದಿನ ಸಾಲಲ್ಲೇ ಕೂತಿದ್ದರು ಅಂತ ಇವನಿಗೆ ಮರ್ಯಾದೆ ನೆನಪಾಯ್ತು. "ಸಾಕ್ ಇಳಿಯೇ ಕೆಳೀಕೆ, ಜನ ನಗ್ತಾವ್ರೆ" ಅಂದ. ಅಲ್ಲಿವರೆಗೂ ಯಾರೂ ನಗ್ತಿರಲಿಲ್ಲ, ಕುಣೀತಿದ್ದರು. ನೀನೇನು ಕಮ್ಮೀನಾ? "ತಗೋ, ನೀನೇ ಬಾರ್ಸ್ಕೋ" ಅಂತ ಬೆಲ್ಟ್ ಸಮೇತ ಅವನ ಹೆಗಲಿಗೆ ನೇತುಹಾಕಿ ಇಳಿದು ಹೋದೆ. ಪಂಚೆ ಉಟ್ಕೊಂಡು, ಗಿಟಾರ್ ನೇತುಹಾಕ್ಕೊಂಡು, ಲೈಟ್ ಕೆಳಗೆ ಅಪ್ಪ. ಜನ ನಕ್ಕಿದ್ದು ಆಗ. ನಾನು ಸ್ಪೀಕರ್ ಹತ್ತಿರ ನಿಂತಿದ್ದೆ. ಅವನ ಮೇಲೆ ಸಿಟ್ಟು ಮಾಡ್ಕೊಳ್ಳೋದಾ, ನಕ್ಕವರಿಗೆ ಎರಡು ಬಿಡೋದಾ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ. ನೀನು ನೋಡಿಲ್ಲ, ಅದಕ್ಕೆ ಹೇಳ್ತೀನಿ: ವಾಪಸ್ ಬರುವಾಗ ಬಸ್ಸಲ್ಲಿ ಅದನ್ನ ತೊಡೆ ಮೇಲೆ ಮಲಗಿಸಿಕೊಂಡು, ಧೂಳು ಬೀಳುತ್ತೆ ಅಂತ ಟವಲ್ ಹೊದಿಸಿದ್ದ.

ಸರಿ, ನೆಕ್ ವಿಷಯಕ್ಕೆ ಬರ್ತೀನಿ. ಗಿಟಾರನ್ನ ಊರಿಗಾಂಗೆ ತಗೊಂಡು ಹೋಗಿ ನಿಮ್ಮ ಆರ್ಕೆಸ್ಟ್ರಾ ಸೆಲ್ವರಾಜಣ್ಣನಿಗೆ ತೋರಿಸಿದೆ. ನೋಡಿದ ತಕ್ಷಣ ಸತ್ತವರ ಮನೆ ಮುಖ ಮಾಡಿದ. "ಮುಗ್ದೋಯ್ತು ತಂಬಿ. ಒಳಗಿನ ಕಂಬಿ ಕಟ್ಟಾಗೈತೆ. ಅಂಟು ಗಿಂಟು ನಿಲ್ಲಲ್ಲ. ಬಾಡಿ ಸೂಪರಾಗೈತೆ, ಹಿಂದೆ ನಾಲ್ಕು ಸ್ಕ್ರೂ ಬಿಚ್ಚು, ಬೇರೆ ನೆಕ್ ಆಕು" ಅಂದ. ಇಷ್ಟೇ ತಾನೇ ಅಂದುಕೊಂಡೆ. ಬೈಕಿಗೆ ಹ್ಯಾಂಡಲ್ ಹಾಕಲ್ವಾ? ಮಾಡೆಲ್ ಹೇಳು, ಪಾರ್ಟ್ ತಗೋ, ಹಾಕು. ಇದು ಹಾಗಲ್ಲ ಕಣಕ್ಕ. ನಿನ್ನ ಗಿಟಾರ್ ಮಾಡಿದ ಕಂಪನಿಯವರು ನೆಕ್ ಒಂದನ್ನೇ ಮಾರಲ್ಲ. ಬೇರೆ ಯಾರ್ಯಾರೋ ಮಾಡಿದ್ದನ್ನ ತಂದು ಕೂರಿಸಬೇಕು. ಮೊಬೈಲಲ್ಲಿ ನೋಡಿದರೆ ಸಂತೆ. ಎಲ್ಲಾ ಒಂದೇ ಥರ ಕಾಣುತ್ತೆ, ಒಂದಕ್ಕೂ ಇನ್ನೊಂದಕ್ಕೂ ಆಗಿಬರಲ್ಲ. ಒಂದರಲ್ಲಿ ಅಡ್ಡಕ್ಕೆ ಕೂರಿಸಿರೋ ಫ್ರೆಟ್ ಕಡ್ಡಿ ಒಂದು ಜಾಸ್ತಿ. ಒಂದರ ಬುಡ ಚೌಕ, ಒಂದರದು ಗುಂಡಗೆ. ಬುಡ ಗುಂಡಗಿದ್ದರೆ ನಿನ್ನ ಬಾಡಿಯ ಗೂಡಲ್ಲಿ ಕೂರಲ್ವಂತೆ. ಒಂದಕ್ಕೆ ಸ್ಕ್ರೂ ತೂತು ಇರುತ್ತೆ, ಇನ್ನೊಂದಕ್ಕೆ ನಾವೇ ಕೊರೀಬೇಕು, ಕೂದಲೆಳೆ ಆಚೀಚೆ ಆದರೆ ತಂತಿ ನೆಕ್ ಬಿಟ್ಟು ಪಕ್ಕಕ್ಕೆ ಓಡುತ್ತೆ. ಕಪ್ಪು ಮರ, ಬಿಳಿ ಮರ. ಕಪ್ಪು ಮರದ್ದು ದನಿ ಮೆತ್ತಗೆ, ಬಿಳೀದು ಚುರುಕು ಅಂತ ಒಬ್ಬ ವಿಡಿಯೋದಲ್ಲಿ ಹೇಳ್ತಾನೆ, ಎಲ್ಲಾ ಬೊಗಳೆ ಅಂತ ಇನ್ನೊಬ್ಬ. ಇಬ್ಬರ ಕೈಲೂ ಗಿಟಾರ್ ಇದೆ, ಯಾರನ್ನ ನಂಬಲಿ?

ಎಲ್ಲಕ್ಕಿಂತ ದೊಡ್ಡದು ಉದ್ದ. ಮೇಲಿನ ಪಟ್ಟಿಯಿಂದ ಕೆಳಗೆ ತಂತಿ ಕೂರೋ ಜಾಗದವರೆಗೆ ಅಳತೆ ಸರಿ ಇರಬೇಕು, ಇಲ್ಲದಿದ್ದರೆ ಏನೇ ಶ್ರುತಿ ಮಾಡಿದರೂ ಒಂದು ಸ್ವರವೂ ಸರಿ ಬರಲ್ಲ. ಅಮ್ಮನ ಟೇಪಲ್ಲಿ ಅಳೆದುಕೊಂಡು ಹೋದೆ. ಸೆಲ್ವರಾಜಣ್ಣ ಆ ಚೀಟಿ ನೋಡಿ, "ಏನ್ ತಂಬಿ, ಗಿಟಾರ್ಗೆ ಬ್ಲೌಸ್ ಒಲೀತೀಯಾ?" ಅಂತ ಅವನ ಹೆಂಡತಿ ಮುಂದೆ ನಕ್ಕ. ಬಟ್ಟೆ ಟೇಪು ಎಳೆದಂಗೆ ಬರುತ್ತಂತೆ. ಆಮೇಲೆ ಸ್ಟೀಲ್ ಟೇಪಲ್ಲಿ ಅಪ್ಪ ಅಳೆದ. ಅಳೆದು, ಅಳಿಸಿ, ಮತ್ತೆ ಅಳೆದ. ಮರ ಕೊಡ್ಸು ನಾನೇ ಮಾಡ್ತೀನಿ ಅಂದ. ನಾನು ಅವನ ಕೈಯಿಂದ ಟೇಪ್ ಕಿತ್ತುಕೊಂಡೆ.

ಅಳತೆಯೆಲ್ಲಾ ಸರಿಹೋಯ್ತು ಅನ್ನುವಾಗ ಸೆಲ್ವರಾಜಣ್ಣ ಕೇಳಿದ: "ಎಡಗೈಯವ್ರದ್ದಾ, ಬಲಗೈಯವ್ರದ್ದಾ?" ಅಲ್ಲಿ ಸಿಕ್ಕಿಹಾಕಿಕೊಂಡೆ ನೋಡು. ನಿನ್ನದು ಬಲಗೈಯವರ ಗಿಟಾರ್. ನೀನು ಎಡಚಿ ಅಂತ ತಿರುಗಿಸಿ ಹಿಡಿದೆ, ತಂತಿ ಅದಲು ಬದಲು ಮಾಡಿಸಿದೆ. ಗುರುತಿನ ಚುಕ್ಕೆಗಳು ನೆಲ ನೋಡ್ತವೆ ಅಂತ ಮೇಲಿನ ಅಂಚಿಗೆ ಕೆಂಪು ನೈಲ್ ಪಾಲಿಶ್ ಇಟ್ಟುಕೊಂಡಿದ್ದೆ. ಎಡಗೈಯವರ ನೆಕ್ಕೇ ಹಾಕಿಸಿದರೆ ಚುಕ್ಕೆ ನಿನ್ನ ಕಣ್ಣಿಗೇ ಕಾಣುತ್ತೆ, ಬಿರಡೆಗಳೂ ಮೇಲೆ ಕೈಗೆ ಸಿಗ್ತವೆ. ಆದರೆ ಅದು ಅಂಗಡಿಯಲ್ಲಿ ಸಿಗಲ್ಲ, ಹೇಳಿ ತರಿಸಬೇಕು, ತರಿಸಿದ್ದು ವಾಪಸ್ ತಗೊಳ್ಳಲ್ಲ. ಅದು ಬಂದರೆ ಆ ಗಿಟಾರ್ ನಿನಗೆ ಬಿಟ್ಟು ಈ ಲೈನ್ ಮನೆಗಳಲ್ಲಿ ಯಾರಿಗೂ ಆಗಲ್ಲ. ಬಲಗೈದು ನಾಳೇನೇ ಸಿಗುತ್ತೆ. ಸೆಲ್ವರಾಜಣ್ಣನ ಹತ್ತಿರ ಕಲಿಯೋರು ಬಾರಿಸ್ತಾರೆ, ನಾನೇ ಬೇಕಾದರೂ ಕಲೀತೀನಿ. ಗೊತ್ತಾಯ್ತಾ ನಾನು ಯಾಕೆ ಉರೀತಿದೀನಿ ಅಂತ? ಎಡ ಅಂದರೆ ಪುಷ್ಪ ಬರ್ತಾಳೆ. ಬಲ ಅಂದರೆ ಬರಲ್ಲ. ಅಂಗಡಿಯವನಿಗೆ ನಾನು ಏನು ಹೇಳಿದರೂ ಅದು ನಿನ್ನ ಬಾಯಿಂದ ಬರಬೇಕಾದ ಮಾತು. ಅದನ್ನ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ ಇಬ್ಬರೂ? ನಾನು ಮೆಕ್ಯಾನಿಕ್ಕು, ಜ್ಯೋತಿಷ್ಯ ಬರಲ್ಲ. ಅಮ್ಮನನ್ನ ಕೇಳಿದರೆ, "ನೆಕ್ಕೂ ಬ್ಯಾಡ ಗಿಕ್ಕೂ ಬ್ಯಾಡ, ಮೊದ್ಲು ಅವ್ಳ್ನ ಕರ್ಕೊಂಡ್ ಬಾ" ಅಂತ ಅಳ್ತಾಳೆ.

ನಿನ್ನೆ ಅಪ್ಪನನ್ನೇ ಹಿಡಿದು ಕೇಳಿದೆ. ಎಡಾನಾ ಬಲಾನಾ, ನೀನೇ ಮುರಿದಿದ್ದು ನೀನೇ ಹೇಳು ಅಂದೆ. ಗೋಡೆ ಕಡೆ ತಿರುಗಿ ಮಲಗಿದ. ಹೋಗಲಿ ನೆಕ್ಕಿನ ಬೆನ್ನು ತೆಳ್ಳಗಿರಬೇಕಾ ದಪ್ಪ ಇರಬೇಕಾ, ಅಂಗಡಿಯವರು ಅದನ್ನೂ ಕೇಳ್ತಾರೆ ಅಂದೆ. ಅದಕ್ಕೆ ಎದ್ದು ಕೂತ. "ಕೈ ನೋಡ್ದೆ ಯಾವನ್ಲಾ ಕಾವು ಆಕ್ತಾನೆ?" ಅಂತ ನನಗೇ ಗದರಿದ. ಮೈನ್ಸಲ್ಲಿ ಸುತ್ತಿಗೆಗೆ ಹೊಸ ಕಾವು, ಅದೇ ಮರದ ಹಿಡಿ, ಹಾಕೋ ಮುಂಚೆ ಅದನ್ನ ಹಿಡಿಯೋ ಆಳನ್ನ ಕರೆದು, ಅಂಗೈ ಬಿಡಿಸಿ, ಬೆರಳು ಮಡಿಸಿ ನೋಡ್ತಿದ್ದರಂತೆ. ಕೈಗೆ ಹೊಂದದ ಕಾವು ಹಾಕಿದರೆ ಬೊಬ್ಬೆ ಬರುತ್ತೆ, ಏಟು ಜಾರುತ್ತೆ, ಪಕ್ಕದವನಿಗೆ ಬೀಳುತ್ತೆ. ಇಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದ. ನಾನು ಕೇಳಿದ್ದೇನು, ಅವನು ಹೇಳಿದ್ದೇನು? ನೀನಾದರೂ ನೇರ ಬರಿ, ಇಲ್ಲಾ ಬ್ಲಾಕ್ ತೆಗೆದು ಒಂದು ಮಾತು ಹೇಳು. ಎಡ ಅಥವಾ ಬಲ. ಬೇರೆ ಕಥೆ ಬೇಡ.

ಅಮ್ಮ ನಿನಗೆ ಆಶೀರ್ವಾದ ಹೇಳಿದಾಳೆ, ಸೆಲ್ವರಾಜಣ್ಣ ಕೇಳಿದೆ ಅನ್ನು ಅಂದ. ನಾನು ನಿನಗಿಂತ ಚಿಕ್ಕವನು, ಆಶೀರ್ವಾದ ಮಾಡೋಕೆ ಬರಲ್ಲ, ಬೈಯೋಕೆ ಬರುತ್ತೆ, ಬೈದಿದೀನಿ. ಮಾತ್ರೆ ಸರಿಯಾಗಿ ತಗೋ.

ನಿನ್ನ ತಮ್ಮ,
ಕಾಂತರಾಜ

ವಿ. ಸೂ.: ನವ್ಯ ಬ್ಯಾಗ್ ಹಾಕ್ಕೊಂಡು ಬಾಗಿಲಲ್ಲಿ ನಿಂತಿದಾಳೆ, ಬಸ್ಸಿಗೆ ಹೊತ್ತಾಯ್ತು ಅಂತ ಬೈತಿದಾಳೆ. ಅಕ್ಕ, ಈಗ ತಾನೇ ಅಪ್ಪ ಒಳಗೆ ಬಂದು ಅವಳನ್ನ ಕೇಳಿದ, "ನಿಮ್ ಆಸ್ಟೆಲ್ ತಾವ ಗಂಡಸ್ರು ಗೇಟ್ ಗಂಟ ಬರ್ಬೌದೇನಮ್ಮ?" ಅಂತ. ಮುಂದಿನ ಭಾನುವಾರ ಮಾಲೂರು ಮೇಲೆ ಹೊಸೂರಿಗೆ ಬರ್ತಾನಂತೆ. ಬೇಡ ಅಂದರೆ ಕೇಳೋನಲ್ಲ. ಗೇಟಲ್ಲಿ ನಿಂತಿರ್ತಾನೆ, ಕಾಯಿಸಬೇಡ, ಇಳಿದು ಬಾ. ತಪ್ಪಾಯ್ತು ಅಂತ ಅವನ ಬಾಯಲ್ಲಿ ಬರಲ್ಲ, ಅದಕ್ಕೆ ಕಾಯಬೇಡ. ನೆಕ್ ಅಳತೆಗೆ ಕೈ ಕೊಡು ನೋಡೋಣ ಅಂತಾನೆ ಅಷ್ಟೇ. ಎಡಚಿ ಅಂತ ಎಡಗೈ ಕೇಳ್ತಾನೆ. ನೀನು ನೆಕ್ ಹಿಡಿಯೋದು ಬಲಗೈಯಲ್ಲಿ ಅಂತ ನಾನು ಅವನಿಗೆ ಹೇಳಿಲ್ಲ. ನೀನೇ ಹೇಳು.