ಅಪ್ಪನ ಗಂಟಲು

ಕ್ಲಿನಿಕ್,
ಶುಕ್ರವಾರ, ಮಧ್ಯಾಹ್ನ

ನನ್ನ ಸಿಡುಕಿ ತಂಗಿಗೆ, ಅಕ್ಕನಿಂದ ಒಂದು ಮುದ್ದು, ಜೊತೆಗೆ ಒಂದು ಗುದ್ದು.

ಫೋನು ಬಿಟ್ಟು ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ನಿನ್ನ ಫೋನು ಈಗ ನಿನ್ನದಲ್ಲ. ಮೊನ್ನೆ ನಾನು ಮಾಡಿದಾಗ ಎತ್ತಿದವನು ನಿನ್ನ ಪ್ರಚಾರದ ಉಸ್ತುವಾರಿ. ಎಲ್ಲರಿಗೂ ಕೇಳುವ ಹಾಗೆ ಇಟ್ಟುಕೊಂಡಿದ್ದ, ಹಿಂದೆ ಯಾರೋ ಕೆಮ್ಮುತ್ತಿದ್ದರು. ನಾನು ಹೇಳಬೇಕಾದದ್ದು ಅಷ್ಟು ಕಿವಿಗಳಿಗಲ್ಲ. ಹಾಗಾಗಿ ಒಬ್ಬರ ಹಲ್ಲು ಕಿತ್ತು ಇನ್ನೊಬ್ಬರು ಬರುವ ನಡುವೆ, ಮೇಜಿನ ಮೇಲಿನ ದವಡೆಯ ಅಚ್ಚುಗಳನ್ನು ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಎರಡು ಪ್ರಶ್ನೆ. ಏಳು ಸಲ ಗೆದ್ದ ಅಪ್ಪ, ಮಗಳು ಮೊದಲ ಸಲ ಚುನಾವಣೆಗೆ ನಿಂತಿರುವಾಗ ಒಂದು ಸಭೆಯಲ್ಲೂ ಯಾಕೆ ಬಾಯಿ ಬಿಡುತ್ತಿಲ್ಲ? ಅವರು ಎದುರಾಳಿಯ ಮನೆಗೆ ಹೋಗಿಬರುತ್ತಿರುವುದು ನಿಜವಾ? ಎರಡಕ್ಕೂ ಸೇರಿ ಒಂದೇ ಉತ್ತರ ಸಿಕ್ಕಿದೆ. ಕೂತುಕೊಂಡು ಓದು.

ಗಂಟಲು ನೋವೆಂಬ ಅಪ್ಪನ ಕಥೆಯನ್ನು ನಾನಂತೂ ನಂಬಿರಲಿಲ್ಲ. ಹಾಲಿನ ಡೈರಿಯ ಗುಮಾಸ್ತರಾಗಿದ್ದಾಗಲೇ ಕ್ಯಾನು ಹಿಡಿದು ಬಂದವರನ್ನೆಲ್ಲ ನಿಲ್ಲಿಸಿಕೊಂಡು ಭಾಷಣ ಬಿಗಿದು, ಆ ಭಾಷಣಗಳ ಬಲದಿಂದಲೇ ಶಾಸಕರಾದ ಮನುಷ್ಯ ಅವರು. ನೀರು ಸರಬರಾಜು ಮಂತ್ರಿಯಾಗಿದ್ದಾಗ ಕೊಳವೆಗಳ ಬಗ್ಗೆ ಬೆಳಗ್ಗೆ ಶುರು ಮಾಡಿ, ಇಡೀ ಸದನಕ್ಕೆ ಮಧ್ಯಾಹ್ನದ ಊಟ ತಪ್ಪಿಸಿದವರು. ಮನೆಯಲ್ಲಿ ಉಪ್ಪು ಬೇಕೆಂದರೂ ಪೀಠಿಕೆ ಹಾಕಿಯೇ ಕೇಳುತ್ತಾರೆ. ಅವರನ್ನು ನನ್ನ ಕುರ್ಚಿಯಲ್ಲಿ ಒರಗಿಸಿ, ದೀಪ ಎಳೆದು ಬಾಯಿ ತೆರೆಸಿ ನೋಡಿದೆ. ಕೆಳಗಿನ ಒಂದು ಹಲ್ಲು ಅಲುಗಾಡುತ್ತಿದೆ, ಅಷ್ಟೇ. ಆದರೂ ದಿನಾ ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಂಟಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೊರಡುತ್ತಾರೆ. ಯಾವ ಡಾಕ್ಟರು? ಅಮ್ಮನನ್ನು ಕೇಳಿದರೆ ಹೊಲಿಗೆಯಿಂದ ತಲೆ ಎತ್ತಲಿಲ್ಲ. ಅಮ್ಮ ತಲೆ ಎತ್ತಲಿಲ್ಲವೆಂದರೆ ಅವಳಿಗೆ ಎಲ್ಲ ಗೊತ್ತಿದೆ ಅಂತಲೇ ಅರ್ಥ.

ನನಗೆ ಕುತೂಹಲ ತಡೆಯಲಾಗಲಿಲ್ಲ. ನಿನ್ನೆ ಕ್ಲಿನಿಕ್ಕಿಗೆ ಬೀಗ ಹಾಕಿ ಹಿಂದೆಯೇ ಹೋದೆ. ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಹಸಿರು ಗೇಟಿನ ಮುಂದೆ ಅಪ್ಪ ನಿಂತರು, ಕೂದಲು ಸವರಿಕೊಂಡರು, ಒಳಗೆ ನಡೆದರು. ಹೌದು, ಗುಡುಗಪ್ಪನ ಮನೆ.

ಆ ಹೆಸರಿಟ್ಟವರು ನಾವೇ, ನೆನಪಿದೆಯಾ? ಊರಿನ ಇನ್ನೊಂದು ಅರ್ಧದ ಶಾಸಕ, ವಿರೋಧ ಪಕ್ಷದ ಮುಂದಿನ ಸಾಲು. ಅಪ್ಪ ಮಾತಿಗೆದ್ದರೆ ಸಾಕು, ರೇಡಿಯೊ ಅದುರುವಂತೆ ಅಡ್ಡಬಾಯಿ ಹಾಕುತ್ತಿದ್ದರು. ಈಗ ಎರಡು ಅರ್ಧಗಳನ್ನೂ ಸೇರಿಸಿ ಒಂದೇ ಕ್ಷೇತ್ರ ಮಾಡಿದ್ದಾರೆ, ಅಪ್ಪಂದಿರಿಬ್ಬರೂ ಹಿಂದೆ ಸರಿದಿದ್ದಾರೆ, ನೀನೂ ಅವರ ಮಗನೂ ಎದುರುಬದುರು ನಿಂತಿದ್ದೀರಿ. ಇಂಥ ಹೊತ್ತಿನಲ್ಲಿ ಅಪ್ಪ ಆ ಮನೆಗೆ! ನನ್ನ ಮೈಯೆಲ್ಲ ಉರಿದುಹೋಯಿತು.

ಬಾಗಿಲು ತೆರೆದವರು ಗುಡುಗಪ್ಪನ ಹೆಂಡತಿ. ಗಾಬರಿಯೇನೂ ಆಗಲಿಲ್ಲ ಅವರಿಗೆ. "ದೊಡ್ಡ ಮಗಳಲ್ವಾ ನೀನು? ಹುಡುಕ್ಕೊಂಡು ಬರೋಕೆ ಇಷ್ಟು ದಿನ ಬೇಕಾಯ್ತಾ?" ಎಂದು ನಕ್ಕರು. ಹಜಾರದ ತುಂಬ ಮಗನ ಮುಖದ ಪೋಸ್ಟರಿನ ಕಟ್ಟುಗಳು, ಅಂಟಿನ ವಾಸನೆ. ಅವುಗಳನ್ನು ದಾಟಿ ಹಿಂದಿನ ಕೋಣೆಗೆ ಹೋದರೆ, ಕಿಟಕಿಯ ಪಕ್ಕ ಗುಡುಗಪ್ಪ ಕೂತಿದ್ದಾರೆ. ಬಾಯಿಯ ಒಂದು ಬದಿ ಜೋತುಬಿದ್ದಿದೆ, ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡಿದ್ದಾರೆ. ಅವರೆದುರು ಅಪ್ಪ ಕೈ ಮೇಲೆತ್ತಿ, ಪೂರ್ತಿ ಗಂಟಲಲ್ಲಿ ಹಳೆಯ ಕೊಳವೆ ಭಾಷಣ ಮಾಡುತ್ತಿದ್ದಾರೆ! ನನ್ನನ್ನು ಕಂಡದ್ದೇ ತಡ, ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಪಾರ್ಶ್ವವಾಯು ಬಡಿದಂದಿನಿಂದ ಗುಡುಗಪ್ಪನ ಬಾಯಿಂದ ಒಂದು ಪದವೂ ಹೊರಟಿಲ್ಲವಂತೆ. ಆರೋಗ್ಯ ಸರಿಯಿಲ್ಲ ಎಂದಷ್ಟೇ ಊರಿಗೆ ಗೊತ್ತು. ರೂಢಿಯ ಮಾತುಗಳನ್ನು ಕೇಳಿಸುತ್ತಿದ್ದರೆ ನಾಲಿಗೆ ಹೊರಳಿದರೂ ಹೊರಳೀತು ಎಂದು ಮಾತು ಕಲಿಸುವ ಡಾಕ್ಟರು ಹೇಳಿದ್ದಾರೆ. ಗುಡುಗಪ್ಪನಿಗೆ ರೂಢಿಯಾದದ್ದೇನು? ಅಪ್ಪನ ಭಾಷಣಕ್ಕೆ ಅಡ್ಡಬಾಯಿ ಹಾಕುವುದು. ಅಪ್ಪ ಬೇಕೆಂದೇ ಬಡಾಯಿ ಕೊಚ್ಚುತ್ತಾರೆ, ಅಲ್ಲಲ್ಲಿ ನಿಲ್ಲಿಸಿ ಕಾಯುತ್ತಾರೆ. ಗುಡುಗಪ್ಪನ ಮುಖ ಕೆಂಪಾಗುತ್ತದೆ, ತುಟಿ ನಡುಗುತ್ತದೆ. ಮಾತು ಮಾತ್ರ ಬರುವುದಿಲ್ಲ. ನೋಡಲಾಗದೆ ನಾನು ಪೋಸ್ಟರುಗಳ ಕಡೆ ತಿರುಗಿಕೊಂಡೆ.

ಹಿಂದಿರುಗುವಾಗ ಕಾರಿನಲ್ಲಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡೆ. ಅಲ್ಲಿ ಅಷ್ಟು ಗಂಟಲಿದೆ, ಹೆತ್ತ ಮಗಳಿಗೆ ಮಾತ್ರ ಇಲ್ಲವಾ ಎಂದೆ. ಅಪ್ಪ "ಅವನು ನನ್ನ ಜೋಡಿ ಕಣೇ" ಅಂದರು.

ಶಾಸಕರಲ್ಲಿ ಹಾಗೊಂದು ಪದ್ಧತಿಯಿದೆಯಂತೆ, ಬರೀ ಬಾಯಿಮಾತಿನದು. ಒಬ್ಬರಿಗೆ ದೊಡ್ಡ ಕಷ್ಟ ಬಂದು ಮತ ಹಾಕುವ ದಿನ ಸದನಕ್ಕೆ ಬರಲಾಗದಿದ್ದರೆ, ಎದುರು ಪಕ್ಷದ ಅವರ ಜೋಡಿಯೂ ಅಂದು ಮತ ಹಾಕದೆ ಹೊರಗುಳಿಯಬೇಕು. ಆಗ ಯಾರ ಕಷ್ಟವೂ ಯಾರಿಗೂ ಲಾಭವಾಗುವುದಿಲ್ಲ. ಅಪ್ಪನ ಪಕ್ಷದ ಸರ್ಕಾರ ಉಳಿಯುತ್ತೋ ಬೀಳುತ್ತೋ ಎಂಬಂಥ ಒಂದು ದಿನ ಅಪ್ಪ ಆಸ್ಪತ್ರೆಯ ಬೆಂಚಿನ ಮೇಲಿದ್ದರು. ಒಳಗೆ ಅಮ್ಮ ಬದುಕುವುದೇ ಅನುಮಾನವಾಗಿತ್ತು. ಪಕ್ಷದವರು ಅಪ್ಪನನ್ನು ಎಳೆದೊಯ್ಯಲು ಕಾರು ಕಳಿಸಿದ್ದರಂತೆ. ಅಷ್ಟರಲ್ಲಿ ಗುಡುಗಪ್ಪನಿಂದ ಸುದ್ದಿ ಬಂತು: "ನೀನು ಅಲ್ಲೇ ಇರು. ನಾನು ಕ್ಯಾಂಟೀನಲ್ಲಿ ಕೂತಿದೀನಿ." ಮತ ಮುಗಿಯುವ ತನಕ ಅವರು ಸದನದ ಹೊರಗೆ ಚಹಾ ಕುಡಿಯುತ್ತಾ ಕೂತಿದ್ದರು. ಸರ್ಕಾರ ಕೂದಲೆಳೆಯಲ್ಲಿ ಉಳಿಯಿತು. ಅವರ ಪಕ್ಷ ಅದನ್ನು ಮರೆಯಲೇ ಇಲ್ಲ, ಮುಂದೆ ಅಧಿಕಾರಕ್ಕೆ ಬಂದಾಗಲೂ ಅವರನ್ನು ಮಂತ್ರಿ ಮಾಡಲಿಲ್ಲ.

ತಂಗೀ, ಅದು ನೀನು ಹುಟ್ಟಿದ ದಿನ.

ಈಗ ಗುಡುಗಪ್ಪ ಮಗನ ಪರವಾಗಿ ಮಾತಾಡಲಾರರು. ಹಾಗಾಗಿ ಅಪ್ಪ ನಿನ್ನ ಪರವಾಗಿ ಮಾತಾಡುವುದಿಲ್ಲ. ಇಷ್ಟೇ ವಿಷಯ. ಅವನ ಬಾಯಿ ಬಿಡಿಸಿಯೇ ನಾನೂ ಬಾಯಿ ಬಿಡುತ್ತೇನೆ ಎಂದು ಹಟ ಹಿಡಿದಿದ್ದಾರೆ. ಅವರು ದಿನಾ ಅಲ್ಲಿಗೆ ಹೋಗುವುದರಲ್ಲಿ ನಿನ್ನ ಲಾಭವೂ ಇದೆ, ನೋಡು.

ಇದನ್ನು ಕೇಳಿ ನನಗೆ ಮೊದಲು ಬಂದದ್ದು ಸಿಟ್ಟೇ. ಆಮೇಲೆ ಅಪ್ಪನ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಗಾಡಿ ನಿಲ್ಲಿಸಿ ಅತ್ತುಬಿಟ್ಟೆ. ಅವರ ಬಲವಿಲ್ಲದೆ ನೀನು ಸೋಲಬಹುದು. ಅದು ಅವರಿಗೆ ಗೊತ್ತು, ಸಂಕಟಪಡುತ್ತಿದ್ದಾರೆ. ಅಪ್ಪನನ್ನು ಬಲವಂತ ಮಾಡಬೇಡ. ಗುಡುಗಪ್ಪನಿಗೆ ಮಾತಿಲ್ಲವೆಂಬ ಸುದ್ದಿಯನ್ನು ನಿನ್ನ ಸಭೆಗಳಲ್ಲಿ ಯಾರ ಬಾಯಿಗೂ ಹಾಕಬೇಡ. ಹಾಕಿದೆಯೋ, ಅರಿವಳಿಕೆ ಇಲ್ಲದೆ ನಿನ್ನ ಹಲ್ಲು ಕೀಳುತ್ತೇನೆ.

ಹೊರಗೆ ಒಬ್ಬರು ಕೆನ್ನೆ ಹಿಡಿದುಕೊಂಡು ಕೂತಿದ್ದಾರೆ, ಹೋಗಬೇಕು. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಮೇಲೆ ಇನ್ನೂ ಅಧಿಕಾರ ಚಲಾಯಿಸುವ,
ಅಕ್ಕ

ಮರೆತ ಮಾತಲ್ಲ, ಹೊಸ ಮಾತು: ಲಕೋಟೆ ಅಂಟಿಸಿ ಈ ರಾತ್ರಿಯೇ ಆಳಿನ ಕೈಯಲ್ಲಿ ನಿನಗೆ ಕಳಿಸುವ ಮೊದಲು, ಶನಿವಾರ ಸಂಜೆ ಬರೆಯುತ್ತಿದ್ದೇನೆ. ಇವತ್ತು ಅಪ್ಪನನ್ನು ನಾನೇ ಕರೆದೊಯ್ದಿದ್ದೆ. ನನ್ನ ಕಾಲದಲ್ಲಿ ಒಂದೇ ಒಂದು ಕೊಳವೆ ಒಡೆದಿಲ್ಲ ಎಂದು ಅಪ್ಪ ಎದೆ ತಟ್ಟಿಕೊಂಡರು. ಗುಡುಗಪ್ಪ ಕುರ್ಚಿಯಿಂದ ಅರ್ಧ ಎದ್ದು, "ಸುಳ್ಳು!" ಅಂದರು. ಗುಡುಗಿನಂತೆಯೇ! ಅವರ ಹೆಂಡತಿ ಅಡುಗೆಮನೆಯಿಂದ ಓಡಿಬಂದರು. ಅಪ್ಪ ನೆಲದ ಮೇಲೇ ಕೂತು ಬಿಕ್ಕಿ ಬಿಕ್ಕಿ ಅತ್ತರು. ಎಷ್ಟು ಪ್ರಯತ್ನಿಸಿದರೂ ಗುಡುಗಪ್ಪನಿಗೆ ಇನ್ನೊಂದು ಪದ ಬರಲಿಲ್ಲ. ನಾಳೆ ಮಗನ ಸಭೆಗೆ ಹೋಗಿ ಅಷ್ಟನ್ನೇ ಹೇಳುತ್ತಾರಂತೆ, ಕೈಸನ್ನೆಯಲ್ಲೇ ಹಟ ಮಾಡಿದರು. ಹಾಗಾಗಿ ಅಪ್ಪನೂ ನಾಳೆ ನಿನ್ನ ವೇದಿಕೆ ಹತ್ತುತ್ತಾರೆ. ಜೋಡಿಗೆ ಇರುವುದು ಒಂದೇ ಪದ, ನನಗೂ ಒಂದೇ ಎಂದಿದ್ದಾರೆ. ಸದನಕ್ಕೆ ಊಟ ತಪ್ಪಿಸಿದ ಮನುಷ್ಯ ಸಂಜೆಯಿಂದ ಒಂದೇ ಪದಕ್ಕಾಗಿ ತಲೆ ಕೆರೆದುಕೊಳ್ಳುತ್ತಿದ್ದಾರೆ. ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದುದನ್ನು ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ. ಪಕ್ಕದಲ್ಲಿ ನೀನು ನಿಂತಿರುವಂತೆ ಗಾಳಿಯಲ್ಲೇ ನಿನ್ನ ಹೆಗಲ ಮೇಲೆ ಕೈಯಿಟ್ಟು, ಜನರ ಕಡೆ ನೋಡಿ ಅನ್ನುತ್ತಿದ್ದರು: "ಇವಳೇ."