ಗಂಗುಲಮ್ಮನ ಹಾಡು

8-2-2025, ಬೆಳಿಗ್ಗೆ

ರೇಷ್ಮೆ ಹುಳ ಜ್ವರದ ನಿದ್ದೆ ಬಿಟ್ಟು ಎದ್ದವು. ಸೊಪ್ಪು ಹೆಚ್ಚಿ ಹಾಕಿದೆ. ಸೊಪ್ಪು ಹಾಕುವಾಗ ಹಾಡದಿದ್ದರೆ ಕೈ ಓಡುವುದಿಲ್ಲ ನನಗೆ.

ತಮ್ಮನ ಮೊಮ್ಮಗಳು ಭಾನುಪ್ರಿಯಾ ಮೊಬೈಲ್ ಹಿಡಿದು ಬಂದಳು. ಅವಳು ಮದುವೆಯಾಗುವ ಹರಿಕೃಷ್ಣ ಆಲ್ಬಮ್ ಬಿಟ್ಟಿದ್ದಾನಂತೆ. ಬರೀ ಗಿಟಾರು, ಅವನ ದನಿ. ಕಿವಿಯ ಹತ್ತಿರ ಕೂತು ಹಾಡಿದ ಹಾಗಿದೆ. ಸುಳ್ಳೇಕೆ, ಚೆನ್ನಾಗಿದೆ.

ಮೂರನೆಯದು ನನ್ನ ಹಾಡು!

ಹೋದ ವರ್ಷ ಇದೇ ಹುಳದ ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. "ಗಂಗುಲಮ್ಮ ಯಾರಜ್ಜಿ?" ಎಂದು ಕೇಳಿದ್ದ. ನನ್ನ ಮಗಳು, ಆರು ವರ್ಷಕ್ಕೇ ಹೋದಳು ಎಂದೆ. ಕಣ್ಣು ಒರೆಸಿಕೊಂಡ, ಕಳ್ಳ.

ನಾನು ಕಟ್ಟಿದ್ದು — "ಹುಳವೆಲ್ಲ ಎದ್ದಾವೆ, ಗಂಗುಲಮ್ಮ, ನೀ ಏಳೇ."
ಅವನು ಹಾಡಿದ್ದು — "ಹುಳವೆಲ್ಲ ಎದ್ದಾವೆ, ಓ ಗೆಳತಿ, ನೀ ಏಳೇ."

ಸಾಹಿತ್ಯ: ಹರಿಕೃಷ್ಣ. ಭಾನು ಓದಿ ಹೇಳಿದಳು, ನಾಚಿಕೊಂಡು. ತನಗೇ ಬರೆದದ್ದು ಅಂದುಕೊಂಡಿದ್ದಾಳೆ, ಪಾಪ.

ನನ್ನ ಮಗಳ ಫೋಟೋ ಕೂಡ ಇಲ್ಲ. ಆ ಹಾಡಿನಲ್ಲಿ ಬಿಟ್ಟರೆ ಅವಳು ಎಲ್ಲೂ ಇಲ್ಲ.

10-2

ತಮ್ಮನ ಹೆಂಡತಿ ಆಂಜಿನಮ್ಮನಿಗೆ ಹೇಳಿದೆ. "ಊರುಕೋ ವದಿನಾ, ಸುಮ್ನಿರು. ಛತ್ರ ಬುಕ್ ಆಗೈತೆ. ಒಂದು ಹಾಡಿಗೆ ಸಂಬಂಧ ಕೆಡಿಸ್ತೀಯಾ?"

"ಸಂಬಂಧ ಯಾಕೆ ಕೆಡಿಸ್ಲಿ? ಬೀಗರ ಹಾಡು ಹೇಳೋರು ಯಾರು ನಮ್ಮ ಕಡೆಯಿಂದ?"

"ನೀನೇ, ಇನ್ಯಾರು?" ಎಂದಳು. ಆಮೇಲೆ ಹೊಳೆದು ಬಾಯಿಗೆ ಸೆರಗು ಅಡ್ಡ ಹಿಡಿದಳು.

ಬೀಗರ ಹಾಡಿನಲ್ಲಿ ಎಷ್ಟು ಬೈದರೂ ಗಂಡಿನವರು ನಗಬೇಕು. ಸಿಟ್ಟು ಮಾಡುವಂತಿಲ್ಲ. ಹಿರಿಯರು ಮಾಡಿಟ್ಟದ್ದು. ಒಳ್ಳೆಯದೇ ಮಾಡಿದ್ದಾರೆ.

2-3, ಕೈವಾರ, ಛತ್ರದ ರೂಮು, ಮಧ್ಯಾಹ್ನ

ಮುಹೂರ್ತ ಚೆನ್ನಾಗಿ ಆಯಿತು. ಊಟದ ಪಂಕ್ತಿಯಲ್ಲಿ ಗಂಡಿನ ಮುಂದೆ ನಿಂತು ಎತ್ತಿದೆ —

ಹಾಡು ಕದ್ದ ಅಳಿಯ ಬಂದ, ಹೋಳಿಗೆ ಬಚ್ಚಿಡಿರೇ
ಗಿಟಾರ್ ಹೊಟ್ಟೆ ಟೊಳ್ಳು ಐತೆ, ಒಳಗೆ ಇಣುಕಿ ನೋಡಿರೇ

ಎರಡೂ ಕಡೆಯವರು ಬಿದ್ದು ಬಿದ್ದು ನಕ್ಕರು. ಅವನೂ ಚಪ್ಪಾಳೆ ತಟ್ಟಿದ. ಭಂಡ.

"ಚಪ್ಪಾಳೆ ಸಾಲ್ದು ಅಳಿಯಪ್ಪಾ. ಹುಳದ ಹಾಡು ಹೇಳು. ಗೆಳತಿ ಗಿಳತಿ ಬ್ಯಾಡ. ನಾನು ಕೊಟ್ಟಂಗೇ ಹೇಳು. ಆಮೇಲೆ ಹೋಳಿಗೆಗೆ ಕೈ ಹಾಕು."

"ಹೇಳಿ, ಅಜ್ಜಿ ಕೇಳ್ತಾವ್ರೆ," ಎಂದು ಭಾನು ಮೊಣಕೈಯಲ್ಲಿ ತಿವಿದಳು.

ಶುರು ಮಾಡಿದ. ಹುಳವೆಲ್ಲ ಎದ್ದಾವೆ... ನಿಂತ. ಮತ್ತೆ ಮೊದಲಿಂದ. ಅಲ್ಲೇ ನಿಂತ.

ಹೆಸರು ನೆನಪಿಲ್ಲ ಅವನಿಗೆ.

ನಗು ನಿಂತಿತು. ಬಡಿಸುವವರೂ ನಿಂತರು. ಆಂಜಿನಮ್ಮ ನನ್ನ ತೋಳು ಚಿವುಟಿದಳು, "ಹೇಳ್ಕೊಡು ವದಿನಾ!" ಎಲೆ ಅಡಿಕೆ ಬಾಯಿಗೆ ಹಾಕಿಕೊಂಡೆ. ಅಗಿದೆ.

ಭಾನು ಅವನ ಮುಖ ನೋಡಿದಳು. "ಇದು ನೀವು ಬರೆದಿದ್ದಲ್ವಾ?"

ತಲೆ ತಗ್ಗಿಸಿದ. ಅವಳು ಊಟದ ಎಲೆ ಬಿಟ್ಟು ಎದ್ದಳು. ನಾನು ರೂಮಿಗೆ ಬಂದೆ.

ಈಗ ಬಾಗಿಲಲ್ಲಿ ನಿಂತಿದ್ದಾನೆ. ಬಾಸಿಂಗ ವಾರೆಯಾಗಿದೆ. "ಅಜ್ಜೀ... ಭಾನು ಕಳಿಸಿದ್ಲು. ಮಗು ಹೆಸರು..."

ನಿಂತಿರಲಿ. ಬರೆಯುತ್ತಿದ್ದೇನೆ, ಕಾಣುವುದಿಲ್ಲವೇ ಅವನಿಗೆ. ಇದೊಂದು ಸಾಲು ಮುಗಿಯಲಿ, ಆಮೇಲೆ —